ಕಿರುಗುಟ್ಟುವ ತೂಗುಮಣೆ ಮಾರಾಟಕ್ಕಿದೆ

ಸುದ್ದಿಮನೆಯಲ್ಲಿ ಬಹುಕಾಲ ಕೆಲಸ ಮಾಡಿದವರು ಮನೆಯ ಸಾಮಾನು ಮಾರಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಮಾರುವವನಿಗೆ ಒಂದಿಷ್ಟು ಮರೆವು, ಒಂದಿಷ್ಟು ಉತ್ಸಾಹ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಸಂಯಮ ಇರಬೇಕು. ನಮಗೆ ಕಲಿಸಿರುವುದು ಸರಿಯಾಗಿ ಇದರ ವಿರುದ್ಧ. ಯಾರೋ ಹೊಗಳಿದರೆ ಹೊಗಳಿದವರು ಯಾರೆಂದು ಬರೆಯಬೇಕು. ಕುಂದು ಕಂಡರೆ ಅದನ್ನು ಮೊದಲ ಪ್ಯಾರಾದಲ್ಲೇ ತರಬೇಕು. ಖಚಿತವಿಲ್ಲದ್ದನ್ನು ಖಚಿತವಿಲ್ಲ ಎಂದೇ ಹೇಳಬೇಕು. ಈ ಶಿಸ್ತಿನಿಂದ ನಾನು ಅಹಮದಾಬಾದಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿ ಮರ್ಯಾದೆಯಿಂದ ಬದುಕಿದೆ. ಅದೇ ಶಿಸ್ತಿನಿಂದ ಒಂದು ತೂಗುಮಣೆಯನ್ನು ಮಾರಲು ಹೋಗಿ ನನಗಾದ ಅನುಭವವನ್ನು, ಆದಷ್ಟು ಎರಡೂ ಪಕ್ಷಗಳಿಗೆ ನ್ಯಾಯವಾಗುವಂತೆ, ಇಲ್ಲಿ ದಾಖಲಿಸುತ್ತೇನೆ.

ಗುಜರಾತಿನಲ್ಲಿ ತೂಗುಮಣೆಗೆ ಹಿಂಚಕೊ ಎನ್ನುತ್ತಾರೆ. ನಮ್ಮ ಕಡೆ ಮನೆ ಕಟ್ಟುವವನು ದೇವರಮನೆ ಎಲ್ಲಿ ಎಂದು ಕೇಳುವ ಹಾಗೆ ಇಲ್ಲಿಯವನು ಹಿಂಚಕೊ ಎಲ್ಲಿ ಎಂದು ಕೇಳುತ್ತಾನೆ. ಅಹಮದಾಬಾದಿನ ಅಂಚಿನ ಬೋಪಾಲ್‌ನಲ್ಲಿ ಆಗತಾನೇ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಸಂಪರ್ಕ ಬರುವ ಮೊದಲೇ ಹಾಲಿನ ಚಾವಣಿಯಲ್ಲಿ ಹಿಂಚಕೊಗೆಂದು ಕಬ್ಬಿಣದ ಕೊಂಡಿಗಳು ಬಂದಿರುತ್ತಿದ್ದವು. ನಾವು ಬಾಡಿಗೆಗೆ ಹಿಡಿದ ಮನೆಯಲ್ಲೂ ಇದ್ದವು. ಖಾಲಿ ಕೊಂಡಿಗಳನ್ನು ನೋಡುತ್ತ ಕೂರುವುದು ಹೇಗೋ ಅನಿಸಿ, ಹಳೇ ಊರಿನ ಒಂದು ಪೋಳದಲ್ಲಿ, ಎಂದರೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಓಣಿಯಲ್ಲಿ, ಮನೆ ಖಾಲಿ ಮಾಡುತ್ತಿದ್ದ ಕುಟುಂಬವೊಂದರಿಂದ ನಾನು ಈ ತೂಗುಮಣೆಯನ್ನು ಕೊಂಡು ತಂದೆ. ಸಾಗುವಾನಿಯ ಅಗಲ ಹಲಗೆ. ಹಿತ್ತಾಳೆಯ ಸರಪಳಿಗಳಲ್ಲಿ ಒಂದರ ಕೆಳಗೊಂದು ಆನೆ, ನವಿಲು, ಗಿಳಿ. ಆಫೀಸಿನಲ್ಲಿ ಪುರಾತನ ವಸ್ತುಗಳ ಬಗ್ಗೆ ಬರೆಯುತ್ತಿದ್ದ ಸಹೋದ್ಯೋಗಿ ನೋಡಿ, "ದೇಸಾಯಿ, ಇದು ಅಪರೂಪದ್ದು. ಕಳೆದುಕೊಳ್ಳಬೇಡ" ಎಂದಿದ್ದ. ನನ್ನ ಹೆಂಡತಿ ವಸುಧಾ ಮೊದಲ ದಿನ, "ಕೂಡ್ಲಿಕ್ಕೆ ಕುರ್ಚಿ ತರ್ರಿ ಅಂದ್ರ ಜೋಕಾಲಿ ತಂದೀರಲ್ಲ, ನಾವೇನ ಸಣ್ಣ ಹುಡುಗರೇನು?" ಎಂದು ಕೇಳಿದ್ದಳು. ಒಂದು ವಾರದೊಳಗೆ ಕಾಯಿಪಲ್ಲೆ ಹೆಚ್ಚುವುದು, ತಾಯಿಗೆ ಫೋನು ಮಾಡುವುದು, ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದು ಎಲ್ಲವೂ ಅದರ ಮೇಲಿನಿಂದಲೇ ನಡೆಯತೊಡಗಿತು.

ಇಷ್ಟರಲ್ಲಿ ಪತ್ರಿಕೆಯವರು ನನ್ನನ್ನು ಸೂರತ್ ಆವೃತ್ತಿಗೆ ವರ್ಗಾಯಿಸಿದರು. ಅಲ್ಲಿ ಕತಾರ್‌ಗಾಮ್‌ನಲ್ಲಿ ನಮಗೆ ಗೊತ್ತಾದ ಮನೆಯ ಹಾಲ್ ಎಂಥದ್ದೆಂದರೆ, ತೂಗುಮಣೆ ಕಟ್ಟಿ ಒಮ್ಮೆ ಜೀಕಿದರೆ ಹೋಗುವಾಗ ಕಾಲು ಅಡುಗೆಮನೆಯ ಒಲೆಗೆ ತಾಗಿ ಬರುವಾಗ ಬೆನ್ನು ಬಾಲ್ಕನಿಯಿಂದ ಹೊರಗೆ ಹೋಗುತ್ತಿತ್ತು. ಮಾರದೆ ಗತಿಯಿರಲಿಲ್ಲ. ಕೆಳಗಿನ ರಸ್ತೆಯ ಗುಜರಿಯವನು ಒಂದು ದಿನ ತಾನಾಗಿಯೇ ಮೇಲೆ ಬಂದು, ಸರಪಳಿಯನ್ನು ಅಂಗೈಯಲ್ಲಿ ತೂಗಿ ನೋಡಿ, "ಸಾಹೇಬ್, ನೀವು ಹೊರಡೋ ದಿನ ಹೇಳಿ ಕಳಿಸಿ. ತೂಕಕ್ಕೆ ತಗೊಂಡು ಕರಗಿಸ್ತೀನಿ" ಎಂದು ಹೋದ. ಆನೆ, ನವಿಲು, ಗಿಳಿಗಳೆಲ್ಲ ಒಂದೇ ಮೂಸೆಯಲ್ಲಿ ಕರಗುವ ದೃಶ್ಯ ವಸುಧೆಯ ಕಣ್ಣ ಮುಂದೆ ಬಂದಿರಬೇಕು. "ನಾವು ಸೂರತ್ತಿಗೆ ಹೋಗೂದರೊಳಗ ಇದು ಒಂದು ಒಳ್ಳೆ ಮನಿ ಸೇರಬೇಕ್ರೀ" ಎಂದಳು. ಮಗಳ ಮದುವೆಯ ಮಾತಾಡುವ ಧ್ವನಿ ಅದು.

ಅಂತರ್ಜಾಲದಲ್ಲಿ ಹರಾಜು ಹಾಕುವ ತಾಣಗಳು ಆಗ ಹೊಸದು. ಸೈಬರ್ ಕೆಫೆಯ ಪರದೆ ಎಳೆದ ಗೂಡಿನಲ್ಲಿ ಕುಳಿತು, ಆಫೀಸಿನ ಫೋಟೋಗ್ರಾಫರ್ ತೆಗೆದುಕೊಟ್ಟ ಚಿತ್ರವನ್ನು ಏರಿಸಿ, ನಾನು ಹೀಗೆ ಬರೆದೆ: "ಹಳೆಯ ತೂಗುಮಣೆ. ಬಹಳ ಪುರಾತನವಾದದ್ದೆಂದು ಹಿಂದಿನ ಮಾಲೀಕರು ಹೇಳುತ್ತಾರೆ. ಇದನ್ನು ಸ್ವತಂತ್ರವಾಗಿ ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ. ಎಡಗಡೆಯ ಒಂದು ಆನೆಗೆ ಸೊಂಡಿಲಿಲ್ಲ. ಹಲಗೆಯ ಒಂದು ಮೂಲೆಯಲ್ಲಿ ಕಾಫಿ ಕಲೆ ಇದೆ. ತೂಗುವಾಗ ಕಿರುಗುಟ್ಟುವ ಶಬ್ದ ಬರುತ್ತದೆ." ಮುದ್ರಿಸಿ ತಂದ ಪ್ರತಿಯನ್ನು ಓದಿ ವಸುಧಾ ಹಣೆ ಚಚ್ಚಿಕೊಂಡಳು. "ಹೆಣ್ಣು ತೋರಸೂ ಮುಂದ ಮೊದಲ ಸೊಟ್ಟ ಹಲ್ಲ ತೋರಿಸಿಧಂಗಾತಲ್ರೀ! ಸೊಂಡಿಲು ಇದ್ದ ಆನಿ ಎಷ್ಟವ ಅಂತ ಯಾಕ ಬರೀಲಿಲ್ಲ?" ಅದೂ ಒಂದು ದೃಷ್ಟಿಕೋನವೇ. ಆದರೆ ಪ್ರಕಟವಾದದ್ದು ಪ್ರಕಟವಾಗಿತ್ತು.

ಬಂದ ವಿಚಾರಣೆಗಳು ವಿಚಿತ್ರವಾಗಿದ್ದವು. ಒಬ್ಬರಿಗೆ ಗಿಳಿಗಳು ಮಾತ್ರ ಬೇಕಿತ್ತು. ಇನ್ನೊಬ್ಬರು ಬದಲಿಗೆ ಒಂದು ಹಳೆಯ ಸ್ಕೂಟರ್ ಕೊಡುವುದಾಗಿ ಹೇಳಿದರು. ವಡೋದರದಿಂದ ಬಂದ ಒಂದು ಮಿಂಚಂಚೆಯಲ್ಲಿ ಮಾತ್ರ ಒಂದೇ ಸಾಲಿತ್ತು: "ಶಬ್ದ ಹೇಗಿದೆ?" ವಸ್ತುವಿನ ಅಳತೆ, ವಯಸ್ಸು, ತೂಕ ಎಲ್ಲ ಬಿಟ್ಟು ಅದರ ದೋಷದ ಬಗ್ಗೆ ವಿಚಾರಿಸುವ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಜೋರಾಗಿಯೇನೂ ಇಲ್ಲ, ಮಾತಿಗೆ ಅಡ್ಡಿಯಾಗುವುದಿಲ್ಲ ಎಂದು ಉತ್ತರಿಸಿದೆ. ಮರುದಿನ ಇನ್ನೊಂದು ಸಾಲು: "ಹೋಗುವಾಗಲೋ, ಬರುವಾಗಲೋ?"

ಪತ್ರಿಕೆಯವರಿಗೆ ಪ್ರಶ್ನೆ ಕೇಳಿ ಅಭ್ಯಾಸ, ಕೇಳಿಸಿಕೊಂಡು ಅಲ್ಲ. ಆದರೂ ಇದು ವಾಸ್ತವಾಂಶಕ್ಕೆ ಸಂಬಂಧಿಸಿದ ಪ್ರಶ್ನೆ. ವಸುಧೆಯನ್ನು ಕೂರಿಸಿ ತೂಗಿ, ಕಣ್ಣು ಮುಚ್ಚಿ ಕೇಳಿದೆ. ಹೋಗುವಾಗ ಉದ್ದನೆಯ "ಕಿರ್ರ್", ಬರುವಾಗ ಗಿಡ್ಡನೆಯ "ಕುಂಯ್". ಎರಡೂ ಇವೆ ಎಂದು ಬರೆದೆ. ಸಂಜೆಯೇ ಫೋನು ಬಂತು. "ದೇಸಾಯಿಭಾಯಿ? ನಾನು ಪ್ರವೀಣ್‌ಭಾಯಿ. ವಡೋದರದ ಆಲ್ಕಾಪುರಿಯಲ್ಲಿ ಟೈಲ್ಸ್ ಅಂಗಡಿ ಇದೆ," ಎಂದು ಗುಜರಾತಿಯಲ್ಲಿ ಶುರುಮಾಡಿದರು. ದೇಸಾಯಿ ಎಂಬ ಹೆಸರು ಅಲ್ಲಿಯೂ ಧಾರಾಳವಾಗಿರುವುದರಿಂದ ನನ್ನನ್ನು ತಮ್ಮವನೇ ಎಂದುಕೊಂಡಿದ್ದರು. ನಾನು ಧಾರವಾಡದ ಕಡೆಯ ದೇಸಾಯಿ ಎಂದಾಗ, "ಇರಲಿ ಬಿಡಿ, ಶಬ್ದಕ್ಕೆ ಯಾವ ಭಾಷೆ? ಫೋನಿನಲ್ಲಿ ಒಂದಿಷ್ಟು ಕೇಳಿಸಿ" ಎಂದು ಹಿಂದಿಗೆ ತಿರುಗಿದರು. ನಾನು ರಿಸೀವರನ್ನು ಸರಪಳಿಯ ಪಕ್ಕ ಎತ್ತಿ ಹಿಡಿದೆ. ವಸುಧಾ ಗಂಭೀರವಾಗಿ ಜೀಕಿದಳು. ಎಸ್‌ಟಿಡಿ ದರದಲ್ಲಿ ಆ ಮನುಷ್ಯ ಬಹಳ ಹೊತ್ತು ಕೇಳಿದರು. ಕೊನೆಗೆ, "ಭಾನುವಾರ ಬರ್ತೇವೆ. ಬೇರೆ ಯಾರಿಗೂ ಕೊಡಬೇಡಿ" ಎಂದರು. ಬೆಲೆಯ ಮಾತೇ ಎತ್ತಲಿಲ್ಲ. ಈ ಊರುಗಳಲ್ಲಿ ಬೆಲೆಯ ಮಾತೆತ್ತದ ಗಿರಾಕಿ ಎಂದರೆ ಮುಖಪುಟದ ಸುದ್ದಿ. ನನ್ನ ಕುತೂಹಲ ಅಂದಿನಿಂದಲೇ ಕೆರಳಿತು.

ಗಿರಾಕಿ ಬರುತ್ತಾನೆಂದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಹಬ್ಬಕ್ಕೆ ದೇವರ ಸಾಮಾನು ತೊಳೆಯುವಂತೆ ತೊಳೆಯುತ್ತಾರೆ. ಶನಿವಾರ ಇಡೀ ದಿನ ವಸುಧಾ ಹುಣಸೆಹಣ್ಣು ಹಚ್ಚಿ ಆನೆ, ನವಿಲುಗಳನ್ನೆಲ್ಲ ತಿಕ್ಕಿದಳು. ಸೊಂಡಿಲಿಲ್ಲದ ಆನೆಗೆ ಎರಡು ಸಲ ತಿಕ್ಕಿದಳು. ನಾನು ಸ್ಟೂಲು ಹತ್ತಿ ಕೊಂಡಿಯಿಂದ ಹಿಡಿದು ಕೆಳಗಿನವರೆಗೆ ಪ್ರತಿ ಸಂದಿಗೂ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಸಂಜೆಗೆ ತೂಗುಮಣೆ ಬಂಗಾರದಂತೆ ಹೊಳೆಯುತ್ತಿತ್ತು, ಬೆಕ್ಕಿನ ಹೆಜ್ಜೆಯಂತೆ ಸದ್ದಿಲ್ಲದೆ ತೂಗುತ್ತಿತ್ತು. ಗಿರಾಕಿಗೆ ಹೇಳಿದ್ದಕ್ಕಿಂತ ಉತ್ತಮವಾದ ಮಾಲನ್ನು ಕೊಡುತ್ತಿದ್ದೇನೆ ಎಂಬ ಹೆಮ್ಮೆಯಿಂದ ಮಲಗಿದೆ.

ಪ್ರವೀಣ್‌ಭಾಯಿ ಬಿಳಿ ಸಫಾರಿ ಹಾಕಿಕೊಂಡು, ಹೆಂಡತಿ ನೀಲಾಬೆನ್ನರೊಂದಿಗೆ, ಒಂದು ಡಬ್ಬಿ ಖಾಖ್ರಾ ಹಿಡಿದು ಬಂದರು. ತಟ್ಟೆಯಗಲದ ಆ ಗರಿಗರಿ ಚಪಾತಿಗಳನ್ನು ವಸುಧೆಯ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಆನೆಗಳ ಕಡೆ ನೋಡಲೂ ಇಲ್ಲದೆ ನೇರವಾಗಿ ಹಲಗೆಯ ಮೇಲೆ ಕುಳಿತರು. ಒಂದು ಕಾಲು ಮಡಿಸಿ, ಇನ್ನೊಂದರ ಹೆಬ್ಬೆರಳಿನಿಂದ ನೆಲವನ್ನು ಮೆಲ್ಲಗೆ ಒತ್ತಿದರು. ಮಣೆ ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಅವರ ಮುಖ ಬಾಡುತ್ತ ಬಂತು.

"ಆವಾಜ್ ಎಲ್ಲಿ?" ಎಂದರು.

"ಸರಿ ಮಾಡಿಬಿಟ್ಟೆ," ಎಂದೆ ನಾನು. "ಎಣ್ಣೆ ಹಾಕಿದೆ. ಇನ್ನು ತೊಂದರೆಯೇ ಇಲ್ಲ."

ಅವರು ಕಾಲೂರಿ ಮಣೆ ನಿಲ್ಲಿಸಿದರು. ಜೇಬಿನಿಂದ ನನ್ನ ಜಾಹೀರಾತಿನ ಮುದ್ರಿತ ಪ್ರತಿ ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಭಾಯಿ, ಇದನ್ನು ಬರೆದವರು ಯಾರು? ಬರೆದಿದ್ದೀರಿ, ನಾನು ಓದಿದ್ದೇನೆ. ಫೋನಿನಲ್ಲಿ ಕೇಳಿದ್ದೇನೆ. ಟ್ರೇನು ಹತ್ತಿ ಬಂದಿದ್ದೇನೆ. ಈಗ ಮಾಲೇ ಇಲ್ಲ ಅಂತೀರಲ್ಲ!" ಎಂದರು. ಕಲೆ ಇದೆಯೆಂದು, ಸೀಳಿದೆಯೆಂದು ಸಾಮಾನು ವಾಪಸು ಮಾಡುವವರನ್ನು ನೋಡಿದ್ದೇನೆ. ಹೇಳಿದ ದೋಷ ಇಲ್ಲವೆಂದು ದೂರುವವರನ್ನು ಅಂದೇ ಮೊದಲು ನೋಡಿದ್ದು. ಆದರೆ ದೂರು ನ್ಯಾಯವಾದದ್ದು. ಪ್ರಕಟಿಸಿದ ಮಾತಿಗೂ ಕಣ್ಣೆದುರಿನ ಸಂಗತಿಗೂ ತಾಳೆಯಿಲ್ಲ, ತಪ್ಪು ನನ್ನದು. ನಮ್ಮ ವೃತ್ತಿಯಲ್ಲಾದರೆ ಮರುದಿನ ಒಂದು ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು.

ಶಬ್ದ ಯಾಕೆ ಬೇಕು ಎಂದು ಕೇಳಿದೆ. ಉತ್ತರ ಬಂದದ್ದು ನೀಲಾಬೆನ್‌ರಿಂದ. ಅವರ ಅತ್ತೆಮನೆ ವಡೋದರದ ಹಳೇ ಊರಿನಲ್ಲಿತ್ತು. ಗಂಡನ ಅಣ್ಣತಮ್ಮಂದಿರು, ಅವರ ಹೆಂಡಿರು, ಮಕ್ಕಳೆಲ್ಲ ಒಂದೇ ಸೂರಿನಡಿ. ಮಾವನವರು ಏನೇ ತೀರ್ಮಾನ ಮಾಡಬೇಕಾದರೂ ಹಿಂಚಕೊ ಮೇಲೆ ಕೂರುತ್ತಿದ್ದರು. ಅದು ಕಿರುಗುಟ್ಟುತ್ತಿರುವಷ್ಟು ಹೊತ್ತು ಯೋಚನೆ ನಡೆದಿದೆ ಎಂದರ್ಥ. ಅಡುಗೆಮನೆಯಲ್ಲಿ ಸೌಟಿನ ಸದ್ದು ಕೂಡ ತಗ್ಗುತ್ತಿತ್ತು. ಶಬ್ದ ನಿಂತಿತೆಂದರೆ ತೀರ್ಮಾನವಾಯಿತು, ಎಲ್ಲರೂ ಪಡಸಾಲೆಗೆ ಬರಬಹುದು. ಮನೆ ಪಾಲಾದಾಗ ಆ ಹಿಂಚಕೊ ಅಣ್ಣನಿಗೆ ಹೋಯಿತು. ಪ್ರವೀಣ್‌ಭಾಯಿ ಆಲ್ಕಾಪುರಿಯ ಫ್ಲ್ಯಾಟಿಗೆ ಹೊಸದೊಂದನ್ನು ತಂದರು. ಬಾಲ್ ಬೇರಿಂಗ್ ಹಾಕಿದ್ದು, ಉಸಿರೂ ಬಿಡುವುದಿಲ್ಲ. "ಇವರು ಯೋಚನೆ ಮಾಡ್ತಿದ್ದಾರೋ ನಿದ್ದೆ ಮಾಡ್ತಿದ್ದಾರೋ ನಮಗೆ ಹೇಗೆ ಗೊತ್ತಾಗಬೇಕು ಬೆನ್?" ಎಂದು ನೀಲಾಬೆನ್ ವಸುಧೆಯನ್ನು ಕೇಳಿದರು. "ನಡುವೆ ಹೋಗಿ ಬೆಂಡೆಕಾಯಿ ತರಲೋ ಬದನೆಕಾಯಿ ತರಲೋ ಅಂತ ಕೇಳಿಬಿಡ್ತೀನಿ. ಅಷ್ಟೇ, ಯೋಚನೆ ಮುರಿದುಹೋಗುತ್ತೆ. ಅಹಮದಾಬಾದಿನಲ್ಲಿ ಇನ್ನೊಂದು ಅಂಗಡಿ ತೆರೆಯೋದೋ ಬೇಡವೋ ಅಂತ ಕಳೆದ ದೀಪಾವಳಿಯಿಂದ ಕೂತಿದ್ದಾರೆ."

"ಬೆಂಡೆಕಾಯಿಯಲ್ಲೇ ನಿಂತಿದೆ," ಎಂದರು ಪ್ರವೀಣ್‌ಭಾಯಿ, ಯಾರ ಮೇಲೂ ಸಿಟ್ಟಿಲ್ಲದೆ.

ಶಬ್ದವನ್ನು ಮರಳಿ ತರಿಸುವುದಾಗಿ ಮಾತು ಕೊಟ್ಟೆ. ಆಮೇಲೆ ನಡೆದದ್ದನ್ನು ಯಾರಿಗೂ ಹೇಳುವಂತಿರಲಿಲ್ಲ. ಸರಿಯಾಗಿರುವ ವಸ್ತುವನ್ನು ಕೆಡಿಸುವುದು ಎಷ್ಟು ಕಷ್ಟವೆಂದು ಅದಕ್ಕೆ ಪ್ರಯತ್ನಿಸಿದವರಿಗೇ ಗೊತ್ತು. ಸೀಮೆಎಣ್ಣೆಯಿಂದ ಸಂದಿಗಳನ್ನು ತೊಳೆದೆ. ಸರಪಳಿಗೆ ಉಪ್ಪುನೀರು ಸವರಿದೆ. ಮಧ್ಯಾಹ್ನ ಊಟಕ್ಕೆ ಹೋಗುತ್ತಿದ್ದ ಉಡುಪಿ ಹೋಟೆಲಿನ ಶೆಟ್ಟರು ಕತೆ ಕೇಳಿ, ಗಲ್ಲಾದಿಂದಲೇ ಬಗ್ಗಿ, "ಎಂಥ ಮಾರಾಯ್ರೆ ನೀವು! ನನ್ನ ಹೋಟೆಲಿನ ಫ್ಯಾನು ತಕೊಂಡು ಹೋಗಿ. ಎಣ್ಣೆ ಹಾಕಿದಷ್ಟೂ ಕೂಗ್ತದೆ. ಅದನ್ನು ಕಟ್ಟಿಕೊಡಿ ಅವರಿಗೆ" ಎಂದರು. ಪ್ರವೀಣ್‌ಭಾಯಿಯಂತೂ ಪ್ರತಿ ಭಾನುವಾರ ಬೆಳಿಗ್ಗೆ ತಪ್ಪದೆ ಬಂದು, ಕುಳಿತು, ತೂಗಿ, ತಲೆಯಾಡಿಸಿ, ವಸುಧಾ ಮಾಡಿದ ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಒಮ್ಮೆ ಸೀಮೆಎಣ್ಣೆಯ ಪ್ರಭಾವದಿಂದ ಏನೋ ಒಂದು "ಚೀಂ" ಎಂದಿತು. ನಾನು ಆಸೆಯಿಂದ ಅವರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಇದು ಇಲಿ. ಅದು ಅಲ್ಲ" ಎಂದರು. ಇತ್ತ ಸೂರತ್ತಿಗೆ ಹೊರಡುವ ದಿನ ಹತ್ತಿರವಾಗುತ್ತಿತ್ತು. ಗುಜರಿಯವನು ಮೆಟ್ಟಿಲ ಬಳಿ ಎದುರಾದಾಗಲೆಲ್ಲ ನಮಸ್ಕಾರ ಮಾಡತೊಡಗಿದ.

ಕೊನೆಗೆ ಕೆಲಸ ಮಾಡಿದ್ದು ನಾನಲ್ಲ, ಅಹಮದಾಬಾದಿನ ಬೇಸಿಗೆ. ಮೇ ತಿಂಗಳ ಬಿಸಿಗಾಳಿ ಬೋಪಾಲ್‌ನ ಅರ್ಧ ಕಟ್ಟಿದ ಕಟ್ಟಡಗಳ ಧೂಳನ್ನೆಲ್ಲ ಹೊತ್ತು ಕಿಟಕಿಯೊಳಗೆ ಬಂದು ಎಣ್ಣೆಯನ್ನು ಕುಡಿಯಿತು. ಒಂದು ಮಧ್ಯಾಹ್ನ ಆಫೀಸಿನ ಫೋನು ರಿಂಗಾಯಿತು. "ರೀ, ಬಂತು!" ಎಂದು ಕೂಗಿದಳು ವಸುಧಾ. "ಎರಡೂನಾ?" ಎಂದೆ. "ಎರಡೂ! ಹೋಗೂ ಮುಂದ ಕಿರ್ರ್, ಬರೂ ಮುಂದ ಕುಂಯ್!" ನಾನು ಸಂತೋಷದಿಂದ ಎದ್ದು ನಿಂತೆ. ಪಕ್ಕದ ಮೇಜಿನವನು ಕೈಕುಲುಕಿ, ಅವಳಿ ಮಕ್ಕಳೇ ಎಂದು ಕೇಳಿದ.

ಭಾನುವಾರ ಪ್ರವೀಣ್‌ಭಾಯಿ ಕುಳಿತರು. ಕಿರ್ರ್, ಕುಂಯ್. ಕಣ್ಣು ಮುಚ್ಚಿದರು. ನೀಲಾಬೆನ್ ತಾವಾಗಿಯೇ ದನಿ ತಗ್ಗಿಸಿ ಅಡುಗೆಮನೆಗೆ ಸರಿದರು. ಬಹಳ ಹೊತ್ತಿನ ಮೇಲೆ ಶಬ್ದ ನಿಂತಿತು. "ಇದೇ," ಎಂದರು. ನಾನು ಹೇಳಿದ ಬೆಲೆಗೆ ಚಕಾರವೆತ್ತದೆ ಒಪ್ಪಿ, ಕೆಳಗೆ ಕಾಯುತ್ತಿದ್ದ ಟೆಂಪೋದವರನ್ನು ಕರೆಯಲು ಎದ್ದರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಶಬ್ದ ಬರುತ್ತದೆ ಎಂದು ಬರೆದೆನಲ್ಲ, ಎಲ್ಲಿಂದ ಬರುತ್ತದೆ ಎಂದು ನೋಡಿಯೇ ಇರಲಿಲ್ಲ. ಮೂಲವನ್ನು ಪರಿಶೀಲಿಸದೆ ಸುದ್ದಿ ಬಿಟ್ಟ ಹಾಗಾಯಿತು. ಸರಪಳಿ ಬಿಚ್ಚಲು ಸ್ಟೂಲು ಹತ್ತಿದವನು, ಬಿಚ್ಚುವ ಮೊದಲು ವಸುಧೆಗೆ ಒಮ್ಮೆ ತೂಗಲು ಹೇಳಿ, ಒಂದೊಂದೇ ಸಂದಿಗೆ ಬೆರಳು ಹಚ್ಚುತ್ತ ಬಂದೆ. ಗಿಳಿ ಮೌನ. ನವಿಲು ಮೌನ. ಆನೆಗಳು ಮೌನ. ಬೆರಳು ಚಾವಣಿಯ ಕೊಂಡಿಗೆ ತಾಗಿದಾಗ ಮೂಳೆಯವರೆಗೆ ನಡುಕ ಹರಿಯಿತು: ಕಿರ್ರ್, ಕುಂಯ್.

ಕೊಂಡಿ ತೂಗುಮಣೆಯದಲ್ಲ, ಮನೆಯದು. ಸ್ಲ್ಯಾಬಿನೊಳಗೆ ಕಾಂಕ್ರೀಟು ಸುರಿದು ಕೂರಿಸಿದ್ದು. ಈ ಮಣೆಯನ್ನು ಆಲ್ಕಾಪುರಿಗೆ ಒಯ್ದು ತೂಗುಹಾಕಿದರೆ ಅದು ಬಾಲ್ ಬೇರಿಂಗಿನ ಹಿಂಚಕೊದ ತಮ್ಮನಂತೆ ಬಾಯಿ ಮುಚ್ಚಿಕೊಂಡಿರುತ್ತದೆ. ವಸುಧೆಗೂ ನನ್ನ ಮುಖ ನೋಡಿಯೇ ವಿಷಯ ತಿಳಿಯಿತು. ಮಣೆಯ ಮೇಲೆ ಕುಳಿತಲ್ಲಿಂದಲೇ ಕಣ್ಣಿನಲ್ಲಿ ಬೇಡ ಎಂದಳು. ಕನ್ನಡದಲ್ಲಿ, ನಗುಮುಖದಿಂದ, ಅತಿಥಿಗಳಿಗೆ ಉಪ್ಪಿಟ್ಟಿನ ಬಗ್ಗೆ ಹೇಳುತ್ತಿರುವಂತೆ, "ಸುಮ್ನ ಕೆಳಗ ಇಳೀರಿ. ಬಾಯಿ ತೆಗೀಬ್ಯಾಡ್ರಿ. ಇದು ಗುಜರಿಯವನ ಪಾಲಾದ್ರ ನಾ ನಿಮ್ಮ ಜೋಡಿ ಸೂರತ್ತಿಗೆ ಬರೂದಿಲ್ಲ" ಎಂದಳು. ನಾನು ಇಳಿದೆ. ಬಾಯಿಯನ್ನೂ ತೆಗೆದೆ. ಶೌರ್ಯವೇನೂ ಅಲ್ಲ, ಅಭ್ಯಾಸ. ಒಂದು ಸಂಗತಿ ಖಚಿತವಾದ ಮೇಲೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನಗೆ ಯಾರೂ ಕಲಿಸಿರಲಿಲ್ಲ.

ಪ್ರವೀಣ್‌ಭಾಯಿ ಸ್ಟೂಲು ಹತ್ತಿ ತಾವೇ ಬೆರಳಿಟ್ಟು ನೋಡಿದರು. ಇಳಿದು, ಟೆಂಪೋದವರನ್ನು ಹೊರಗೆ ನಿಲ್ಲಿಸಿ, ಮತ್ತೆ ಮಣೆಯ ಮೇಲೆ ಕುಳಿತರು. ಕಿರ್ರ್, ಕುಂಯ್. ಅಡುಗೆಮನೆಯ ಬಾಗಿಲಲ್ಲಿ ನೀಲಾಬೆನ್ ಮತ್ತು ವಸುಧಾ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ಒಲೆಯ ಮೇಲಿನ ಚಹಾ ಉಕ್ಕಿದರೂ ಕದಲಲಿಲ್ಲ. ಶಬ್ದ ನಿಂತಿತು.

"ಕೊಂಡಿ ಕೊಡ್ತೀರಾ?"

"ಅದು ಮನೆ ಮಾಲೀಕರದು. ಕಿತ್ತರೆ ಮೇಲಿನ ಮನೆಯವರು ನಮ್ಮ ಹಾಲಿಗೆ ಬರ್ತಾರೆ," ಎಂದೆ.

ಮತ್ತೆ ಕಿರ್ರ್, ಕುಂಯ್. ಈ ಸಲ ಇನ್ನೂ ಹೆಚ್ಚು ಹೊತ್ತು. ಟೆಂಪೋದವರು ಬೀಡಿ ಹಚ್ಚಿದರು. ಮತ್ತೆ ನಿಂತಿತು.

"ನೀವು ಖಾಲಿ ಮಾಡಿದ ಮೇಲೆ ಈ ಮನೆಗೆ ಯಾರು ಬರ್ತಾರೆ?"

"ಇನ್ನೂ ಯಾರೂ ಗೊತ್ತಾಗಿಲ್ಲ."

"ಗೊತ್ತಾಯ್ತು," ಎಂದರು ಪ್ರವೀಣ್‌ಭಾಯಿ, ಕಾಲು ಕೆಳಗಿಳಿಸುತ್ತ. "ಅಹಮದಾಬಾದಿನಲ್ಲಿ ಅಂಗಡಿ ತೆರೀತೇನೆ. ಬೋಪಾಲ್‌ನಲ್ಲಿ ಇಷ್ಟು ಮನೆ ಏಳ್ತಿವೆ, ಎಲ್ಲಕ್ಕೂ ಟೈಲ್ಸ್ ಬೇಕಲ್ಲ. ಹಿಂಚಕೊ ಎಲ್ಲಿದೆಯೋ ಅಲ್ಲೇ ಇರಲಿ. ನಾವೇ ಬರ್ತೇವೆ." ನೀಲಾಬೆನ್ ಬಾಗಿಲಿನಿಂದಲೇ, "ಹೇ ಭಗವಾನ್, ದೀಪಾವಳಿಯಿಂದ ಕೂತದ್ದು ಈಗ ಎದ್ದಿತು!" ಎಂದರು. ಒಂದು ಕಿರುಗುಟ್ಟುವ ಶಬ್ದಕ್ಕಾಗಿ ಮನುಷ್ಯನೊಬ್ಬ ಊರು ಬದಲಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ, ಪ್ರಕಟಿಸಿಯೂ ಇಲ್ಲ.

ನಾವು ಸೂರತ್ತಿಗೆ ಬಂದೆವು. ಕತಾರ್‌ಗಾಮ್‌ನ ಮನೆಯ ಸುತ್ತ ವಜ್ರ ಉಜ್ಜುವ ಗಾಲಿಗಳ ಸದ್ದು ಹಗಲಿಡೀ ಇರುತ್ತದೆ, ಸದ್ದಿಗೇನೂ ಕೊರತೆಯಿಲ್ಲ. ಆದರೂ ಏನೋ ಎಡವಟ್ಟಾಗಿದೆ. ಮೊನ್ನೆ ವಸುಧಾ ಹಳೆಯ ಕಪಾಟನ್ನು ಅಂತರ್ಜಾಲದಲ್ಲಿ ಮಾರಿಬಿಡೋಣವೇ ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆಂದು ಕುರ್ಚಿಯಲ್ಲಿ ಕುಳಿತೆ. ಒಂದು ತೀರ್ಮಾನದ ಹತ್ತಿರ ಬರುತ್ತಿದ್ದೆ. ಅಷ್ಟರಲ್ಲಿ ಅವಳು ಬಂದು, ಹೆಸರುಬೇಳೆ ಹಾಕಲೋ ತೊಗರಿಬೇಳೆ ಹಾಕಲೋ ಎಂದಳು. ಯೋಚನೆ ಮುರಿಯಿತಲ್ಲ ಎಂದು ರೇಗಿದರೆ, "ಅಯ್ಯ, ಕುರ್ಚಿ ಮ್ಯಾಲ ಕೂತ್ರ ನೀವು ವಿಚಾರ ಮಾಡ್ಲಿಕ್ಕತ್ತೀರೋ ತೂಕಡಸ್ಲಿಕ್ಕತ್ತೀರೋ, ನನಗ ಹ್ಯಾಂಗ ತಿಳೀಬೇಕ್ರೀ?" ಎಂದಳು. ನಾನು ಎದ್ದು ಅಂಗಿ ಹಾಕಿಕೊಂಡು ಓಣಿಯ ಮೂಲೆಯ ಎಸ್‌ಟಿಡಿ ಬೂತಿಗೆ ಹೋದೆ. ಅಹಮದಾಬಾದಿನ ನಮ್ಮ ಹಳೆಯ ಮನೆಗೆ ಫೋನು ಮಾಡಿ, ಮಾರಿದ ಸಾಮಾನಿನ ಬಗ್ಗೆ ದೂರೇನಾದರೂ ಇದೆಯೇ ಎಂದು ವಿಚಾರಿಸಿದೆ. ಇಲ್ಲ ಎಂದರು ಪ್ರವೀಣ್‌ಭಾಯಿ. ನಾನು ಫೋನು ಇಡಲಿಲ್ಲ. ಅವರೂ ಇಡಲಿಲ್ಲ. ಆ ಕಡೆಯಿಂದ ರಿಸೀವರನ್ನು ಎಲ್ಲಿಗೋ ಎತ್ತಿಕೊಂಡು ಹೋಗುತ್ತಿರುವ ಸದ್ದು ಕೇಳಿಸಿತು.

"ಯಾವುದು ಬೇಕು ದೇಸಾಯಿಭಾಯಿ?" ಎಂದರು. "ಹೋಗುವಾಗಿನದೋ, ಬರುವಾಗಿನದೋ?"